ಕುಲಾವಿಯ ಗಂಟು

ಹೋದ ವಾರ ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹರಡುವಾಗ ಒಂದು ಜೊತೆ ಬೂದು ಬಣ್ಣದ ಉಲ್ಲನ್ ಕಾಲುಚೀಲ ಹೊರಬಂತು. ನಿಮ್ಮಲ್ಲಿ ಚಿಕ್ಕವಳು ಅವನ್ನು ಎರಡು ಕೈಗೂ ತೊಟ್ಟುಕೊಂಡು, "ಅಜ್ಜಿ, ಒಂದು ಸೊಟ್ಟಗಿದೆ. ತಪ್ಪಾಗಿ ಹೆಣೆದುಬಿಟ್ಟಿದೀರಾ?" ಎಂದಳು. ನಾನು ಉತ್ತರ ಕೊಡದೆ ಅವಳ ಕೈಯಿಂದ ತೆಗೆದುಕೊಂಡು ಮಡಿಸಿಟ್ಟೆ. ಅಜ್ಜಿಗೆ ಸಿಟ್ಟು ಬಂತು ಅಂದುಕೊಂಡಿರಬೇಕು ಅವಳು. ಸಿಟ್ಟಲ್ಲ ಮಗು. ಹೇಳಲು ಹೊರಟರೆ ಉದ್ದವಾಗುತ್ತದೆ, ನನಗೆ ಬಾಯಿಬಿಟ್ಟು ಹೇಳಲು ಬರುವುದೂ ಇಲ್ಲ.

ಮನೆಗೆ ಯಾರಾದರೂ ಬಂದರೆ ಕಾಫಿ ಕೊಟ್ಟು ಅಡುಗೆಮನೆಗೆ ಓಡಿಹೋಗುತ್ತೇನೆಂದು ನೀವೆಲ್ಲ ನಗುತ್ತೀರಿ. ಚಿಕ್ಕಂದಿನಿಂದಲೂ ಹಾಗೆಯೇ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಉತ್ತರ ಗೊತ್ತಿದ್ದರೂ ಕೈ ಎತ್ತಿದವಳಲ್ಲ, ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದೆ. ಇದನ್ನೂ ಹಾಗೇ ಬರೆದು ತೋರಿಸುತ್ತಿದ್ದೇನೆ. ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಸ್ವಲ್ಪವೇ ಬರೆಯುತ್ತೇನೆ. ಆಮೇಲೆ ಬೆರಳು ನೋಯುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಕುಂದಲಹಳ್ಳಿಯ ಹಳೇ ಮನೆಯಲ್ಲಿ ನಾವು ಐದು ಜನ: ನನ್ನ ಅತ್ತೆ, ನಿಮ್ಮ ತಾತ, ನಾನು, ನಿಮ್ಮ ಅಪ್ಪ, ನಿಮ್ಮ ಅತ್ತೆ. ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಿದ್ದರು. ಎರಡು ಎಮ್ಮೆ, ಒಂದಿಷ್ಟು ರಾಗಿ ಹೊಲ. ತಾತ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದರು. ಲೇತ್ ಮೆಷಿನ್ ಮುಂದೆ ಎಂಟು ಗಂಟೆ ನಿಂತು ಮಾಡುವ ಕೆಲಸ. ನಮ್ಮ ಮನೆತನದಲ್ಲಿ ಮಣ್ಣು ಬಿಟ್ಟು ಬೇರೆ ಕೆಲಸಕ್ಕೆ ಹೋದವರಲ್ಲಿ ಅವರೇ ಮೊದಲಿಗರು. ಬೆಳಿಗ್ಗೆ ಆರಕ್ಕೆಲ್ಲ ಮುಖ್ಯರಸ್ತೆಗೆ ಹೋಗಿ ಕಾರ್ಖಾನೆ ಬಸ್ಸಿಗೆ ಕಾಯಬೇಕು. ನಾನು ನಾಲ್ಕೂವರೆಗೆ ಎದ್ದರೆ ಆಮೇಲೆ ಕೂರುವುದು ಎಂಬುದೇ ಇರಲಿಲ್ಲ. ಸೆಗಣಿ, ಹಾಲು, ನೀರು, ಒಲೆ, ಮುದ್ದೆ, ಬುತ್ತಿ. ಆ ವರ್ಷಗಳನ್ನು ನೆನೆಸಿಕೊಂಡರೆ ಮೊದಲು ನೆನಪಾಗುವುದು ಸೊಂಟನೋವು, ಬೇರೆಯದೆಲ್ಲ ಆಮೇಲೆ.

ತಾತನಿಗೆ ನಲವತ್ತು ತುಂಬುವ ಮೊದಲೇ ಸಕ್ಕರೆ ಕಾಯಿಲೆ ಬಂತು. ಮಾತ್ರೆ ನುಂಗುತ್ತಿದ್ದರು, ಕಾಫಿಗೆ ಸಕ್ಕರೆ ಬಿಟ್ಟಿದ್ದರು, ಅಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆವು. ಒಂದು ದಿನ ಸಂಜೆ ಬಂದು ಬೂಟು ಬಿಚ್ಚಿದಾಗ ಅದರೊಳಗಿಂದ ಕಬ್ಬಿಣದ ಸುರುಳಿಯೊಂದು ಬಿತ್ತು. ಲೇತ್‌ನಲ್ಲಿ ಕೆತ್ತುವಾಗ ಹಾರುತ್ತದಲ್ಲ, ಅಂಥದ್ದು. ಅಂಗಾಲು ಕುಯ್ದು ರಕ್ತ ಒಣಗಿ ಅಂಟಿತ್ತು. ಇಡೀ ಶಿಫ್ಟು ಅದರ ಮೇಲೆ ನಿಂತಿದ್ದರೂ ಅವರಿಗೆ ಗೊತ್ತೇ ಆಗಿರಲಿಲ್ಲ. ಅತ್ತೆ ಸುರುಳಿಯನ್ನು ಎತ್ತಿ ಹಿಡಿದು ನೋಡಿ, "ಇದೇನು ಕಾಲೋ, ಕೊರಡೋ" ಎಂದರು. ತಾತ ನಕ್ಕರು. ನನಗೆ ನಗು ಬರಲಿಲ್ಲ.

ಕಾರ್ಖಾನೆಯ ಡಾಕ್ಟರು ನನ್ನನ್ನೂ ಕರೆಸಿದರು. ಕಾಲಿನ ನರಗಳು ಸತ್ತುಹೋಗುತ್ತಿವೆ, ಇನ್ನು ಮೇಲೆ ನೋವು ಗೊತ್ತಾಗುವುದಿಲ್ಲ, ಸಣ್ಣ ಗಾಯವಾದರೂ ಮಾಯುವುದಿಲ್ಲ ಎಂದು ನಿಧಾನವಾಗಿ ಹೇಳಿದರು. ನೈಲಾನ್ ಕಾಲುಚೀಲ ಬೇಡ, ಬೆವರುತ್ತದೆ. ಬೆರಳ ಮೇಲೆ ದಪ್ಪ ಹೊಲಿಗೆ ಬರುವಂಥದ್ದೂ ಬೇಡ, ಉಜ್ಜುತ್ತದೆ. ಬೂಟು ಹಾಕುವ ಮುಂಚೆ ಪ್ರತಿಸಲ ಒಳಗೆ ಕೈ ಹಾಕಿ ನೋಡಬೇಕು. ಸಂಜೆ ಬಂದ ಮೇಲೆ ಪಾದವನ್ನು ಇನ್ನೊಬ್ಬರು ಬೆಳಕಿಗೆ ಹಿಡಿದು ನೋಡಬೇಕು. "ಅದು ನಿಮ್ಮ ಕೆಲಸ ಕಣಮ್ಮ" ಎಂದರು ನನಗೆ. ಗಾಯ ಹೆಚ್ಚಾದರೆ ಕಾಲು ಹೋಗುತ್ತದೆ, ಕಾಲು ಹೋದರೆ ಕೆಲಸಕ್ಕೆ ಲಾಯಕ್ಕಿಲ್ಲ ಎಂದು ಬರೆಯದೆ ಬೇರೆ ದಾರಿ ಇಲ್ಲ ಎಂದೂ ಹೇಳಿದರು. ನಾನು ತಲೆಯಾಡಿಸಿದೆ. ಒಂದು ಮಾತೂ ಕೇಳಲಿಲ್ಲ.

ಅಂಗಡಿಗಳಲ್ಲಿ ಆಗ ಇದ್ದದ್ದೆಲ್ಲ ನೈಲಾನೇ. ನಾನೇ ಹೆಣೆಯಬೇಕು ಅಂದುಕೊಂಡೆ. ಶಾಲೆಯಲ್ಲಿ ನಮ್ಮ ಟೀಚರಮ್ಮ ಹುಡುಗಿಯರಿಗೆ ಹೆಣಿಗೆ ಕಲಿಸಿದ್ದರು. ಮಗುವಿನ ಕುಲಾವಿ, ಮಫ್ಲರ್, ತೋಳಿಲ್ಲದ ಸ್ವೆಟರ್, ಇಷ್ಟು ಬರುತ್ತಿತ್ತು. ಕುಲಾವಿಯಲ್ಲಂತೂ ನನ್ನದೇ ಮೇಲುಗೈ. ನನ್ನ ತವರೂರಿನಲ್ಲೂ ಕುಂದಲಹಳ್ಳಿಯಲ್ಲೂ ಹುಟ್ಟಿದ ಮಕ್ಕಳ ತಲೆಯ ಮೇಲೆಲ್ಲ ನಾನು ಹೆಣೆದದ್ದೇ ಇರುತ್ತಿತ್ತು. ಆದರೆ ಕುಲಾವಿಗೆ ಹಿಮ್ಮಡಿ ಇಲ್ಲ. ಕಾಲುಚೀಲ ಹೇಗೆ ತಿರುಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಅದನ್ನು ನೋಡಿದ್ದು ವೈಟ್‌ಫೀಲ್ಡಿನಲ್ಲಿ. ಅತ್ತೆ ಪ್ರತಿ ಶನಿವಾರ ಅಲ್ಲಿನ ಬಂಗಲೆಗಳಿಗೆ ಬೆಣ್ಣೆ ಕೊಟ್ಟು ಬರುತ್ತಿದ್ದರು. ಆ ವರ್ಷ ಅವರ ಮಂಡಿ ಹಿಡಿದುಕೊಂಡಿತ್ತು, ಗಡಿಗೆ ಹೊರಲು ನಾನೂ ಹೋಗತೊಡಗಿದೆ. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಬಿಸಿಲಲ್ಲಿ ನಡಿಗೆ. ಹೆಂಚಿನ ಮನೆಯೊಂದರಲ್ಲಿ ಗೌನು ತೊಡುತ್ತಿದ್ದ ವಯಸ್ಸಾದ ಆಂಗ್ಲೋ ಇಂಡಿಯನ್ ಹೆಂಗಸು ಒಬ್ಬರಿದ್ದರು. ಊರಿನವರೆಲ್ಲ ದೊರೆಸಾನಮ್ಮ ಎನ್ನುತ್ತಿದ್ದರು. ಅವರು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು ಐದು ಕಡ್ಡಿಗಳಲ್ಲಿ ಕಾಲುಚೀಲ ಹೆಣೆಯುತ್ತಿದ್ದರು. ಕ್ರಿಸ್ಮಸ್ಸಿಗೆ ಅನಾಥಾಶ್ರಮದ ಮಕ್ಕಳಿಗಂತೆ. ನಾಲ್ಕು ಕಡ್ಡಿಯಲ್ಲಿ ಕುಣಿಕೆಗಳು ಚೌಕವಾಗಿ ನಿಂತಿರುತ್ತವೆ, ಐದನೆಯದು ಸುತ್ತು ಬರುತ್ತಿರುತ್ತದೆ. ಅತ್ತೆ ಹಿತ್ತಲಲ್ಲಿ ಅಡುಗೆಯವಳಿಗೆ ಬೆಣ್ಣೆ ತೂಗಿ ಕೊಡುವಷ್ಟು ಹೊತ್ತು ನಾನು ಮೆಟ್ಟಿಲ ಕೆಳಗೆ, ಸೀಬೆಮರದ ನೆರಳಲ್ಲಿ ನಿಂತು ನೋಡುತ್ತಿದ್ದೆ.

ಮೂರು ಶನಿವಾರ ನೋಡಿದೆ. ಮೊದಲ ವಾರ ಕಾಲಿನ ಕೊಳವೆ. ಎರಡನೇ ವಾರ ಹಿಮ್ಮಡಿ: ಅರ್ಧ ಕುಣಿಕೆಗಳನ್ನು ಮಾತ್ರ ಹಿಂದೆ ಮುಂದೆ ಹೆಣೆದು, ಬಟ್ಟಲಿನಂತೆ ತಿರುಗಿಸಿ, ಪಕ್ಕದಿಂದ ಹೊಸ ಕುಣಿಕೆ ಎತ್ತಿಕೊಳ್ಳುವುದು. ಮನೆಗೆ ಬಂದು ಕಡ್ಡಿ ಹಿಡಿದು ನೋಡಿದರೆ ಕೈಗೆ ಬಂದುಬಿಟ್ಟಿತ್ತು. ಮೂರನೇ ವಾರ ಅವರು ಬೆರಳಿನ ಭಾಗಕ್ಕೆ ಬಂದು ಪ್ರತಿ ಸುತ್ತಿನಲ್ಲೂ ಇಷ್ಟಿಷ್ಟು ಕುಣಿಕೆ ಕಡಿಮೆ ಮಾಡುತ್ತಾ ಇದ್ದರು. ತುದಿ ಮುಚ್ಚುವುದೊಂದು ಬಾಕಿ. ಅಷ್ಟರಲ್ಲಿ ಅತ್ತೆ ಬಂದು "ನಡಿಯಮ್ಮಿ, ಬಸ್ಸು ಓಯ್ತದೆ" ಎಂದರು. ಒಂದು ನಿಮಿಷ ಇರಿ ಎನ್ನಬಹುದಿತ್ತು. ಮೆಟ್ಟಿಲು ಹತ್ತಿ, ಇದನ್ನು ಹೇಗೆ ಮುಗಿಸುತ್ತೀರಿ ಎಂದು ಕೇಳಬಹುದಿತ್ತು. ಗಡಿಗೆ ಎತ್ತಿಕೊಂಡು ಹೊರಟೆ.

ಮುಂದಿನ ಶನಿವಾರ ಆ ಜೊತೆ ಮುಗಿದು ಕುರ್ಚಿಯ ತೋಳಿನ ಮೇಲೆ ನೇತಾಡುತ್ತಿತ್ತು. ದೂರದಿಂದಲೇ ನೋಡಿದೆ. ತುದಿಯಲ್ಲಿ ಗಂಟು ಕಾಣಲಿಲ್ಲ. ಕುಲಾವಿಯಲ್ಲಿ ಮಾಡುವ ಹಾಗೆ ಗಂಟನ್ನು ಒಳಕ್ಕೆ ತಳ್ಳಿದ್ದಾರೆ ಅಂದುಕೊಂಡೆ. ಗಂಟೇ ಇಲ್ಲದೆ ಹೆಣಿಗೆ ಮುಗಿಸಬಹುದು ಎಂಬುದು ನನಗೆ ಹೊಳೆಯಲಿಲ್ಲ. ಟೀಚರಮ್ಮ ಕಲಿಸಿದ್ದು ಹಾಗೆ: ಕೊನೆಗೆ ಎಂಟು ಕುಣಿಕೆ ಉಳಿದಾಗ ಅವುಗಳಲ್ಲಿ ದಾರ ಪೋಣಿಸು, ಚೀಲದ ಬಾಯಿ ಎಳೆದ ಹಾಗೆ ಎಳೆ, ಎರಡು ಗಂಟು ಬಿಗಿದು ಒಳಗೆ ತಳ್ಳು. ಮಗು ಕಿತ್ತರೂ ಬಿಚ್ಚಬಾರದು.

ತಾತನಿಗೆ ಹೇಳಿದಾಗ ಖುಷಿಯಾಯಿತು. ಸೈಕಲ್ಲಿನ ಹಳೇ ಸ್ಪೋಕ್ ಕಡ್ಡಿಗಳನ್ನು ಒಂದಳತೆಗೆ ಕತ್ತರಿಸಿ, ಎರಡೂ ತುದಿಯನ್ನು ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಚೂಪು ಮಾಡಿ ತಂದುಕೊಟ್ಟರು. ಐದು ಕಡ್ಡಿ, ಪಾಲಿಷ್ ಹಾಕಿದ ಹಾಗಿದ್ದವು. ನನ್ನ ಮದುವೆಗೆ ಮುಂಚಿನ ಬೂದು ಬಣ್ಣದ ಸ್ವೆಟರ್ ಬಿಚ್ಚಿ, ನೂಲನ್ನು ತೊಳೆದು ಭಾರ ಕಟ್ಟಿ ಒಣಗಿಸಿ ಉಂಡೆ ಸುತ್ತಿದೆ. ಮುದ್ದೆಗೆ ಎಸರು ಕುದಿಯುವಾಗ, ಎಮ್ಮೆಗೆ ಬೂಸಾ ನೆನೆಯುವಾಗ, ಸಿಕ್ಕ ಹೊತ್ತಿನಲ್ಲೆಲ್ಲ ಹೆಣೆದೆ. ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಪಕ್ಕದ ಮನೆಯವಳಿಗೆ ಕೇಳುವ ಹಾಗೆ, "ನೋಡಮ್ಮಿ ನನ್ ಸೊಸೇನ, ಗಂಡುನ್ ಕಾಲ್ಗೆ ಕುಲಾವಿ ಆಕ್ತಾವ್ಳೆ" ಎಂದರು. ಎಲ್ಲರೂ ನಕ್ಕೆವು. ತಾತ ಎಷ್ಟೋ ದಿನ ಅದನ್ನೇ ಹೇಳಿಕೊಂಡು ನಗುತ್ತಿದ್ದರು. "ಎಲ್ಲಿ, ನನ್ನ ಕುಲಾವಿ ತಾ" ಎಂದು ಬೆಳಿಗ್ಗೆ ಕಾಲು ಚಾಚುತ್ತಿದ್ದರು.

ಡಾಕ್ಟರು ಹೇಳಿದ ಮೇಲೆ ತಾತ ಬೂಟಿಗೆ ಒಂದು ದಿನವೂ ತಪ್ಪದೆ ಕೈ ಹಾಕಿ ನೋಡುತ್ತಿದ್ದರು. ಕಾಲುಚೀಲಕ್ಕೆ ಹಾಕಲಿಲ್ಲ. ಅದು ನಾನು ಮಾಡಿದ್ದಲ್ಲವೆ, ಅದರಲ್ಲೇನು ನೋಡುವುದು.

ಸಂಜೆ ಪಾದ ನೋಡುವುದು ನನ್ನ ಕೆಲಸವಾಗಿತ್ತು. ಮೊದಲು ದಿನಾ ನೋಡಿದೆ. ಆಮೇಲೆ ರಾಗಿ ಕೊಯ್ಲು ಬಂತು, ಅದರ ಜೊತೆಗೇ ಅತ್ತೆಗೆ ಜ್ವರ. ಹೊಲ, ಮನೆ, ಹಾಸಿಗೆ ಹಿಡಿದವರು, ಎಮ್ಮೆ, ಎಲ್ಲ ನನ್ನ ಮೇಲೆ ಬಿತ್ತು. ತಾತ ಬಂದು ಕಾಲು ತೊಳೆದುಕೊಂಡು "ಏನಿಲ್ಲ ಬಿಡು, ಸರಿಯಾಗಿದೆ" ಎನ್ನುತ್ತಿದ್ದರು. ನಾನು ಬಿಡುತ್ತಿದ್ದೆ. ಒಂದು ದಿನ ಬಿಟ್ಟದ್ದು ಐದಾರು ದಿನವಾಯಿತು. ದಣಿವಾಗಿತ್ತು ಎಂದು ಬರೆದರೆ ನೆಪ ಹೇಳಿದಂತಾಗುತ್ತದೆ. ಆದರೂ ದಣಿವಾಗಿತ್ತು. ಬಗ್ಗಿ ಒಂದು ಪಾದ ಎತ್ತಿ ನೋಡುವಷ್ಟೂ ಆಗದಷ್ಟು.

ಆ ವಾರದ ಕೊನೆಗೆ ಒಗೆಯುವ ಕಲ್ಲಿನ ಮೇಲೆ ಬಲಗಾಲಿನ ಚೀಲವನ್ನು ಒಳಮಗ್ಗುಲು ತಿರುಗಿಸಿದೆ. ತುದಿ ಗಡುಸಾಗಿತ್ತು, ಕಂದು ಬಣ್ಣ. ಗಂಟು ರಕ್ತ ಕುಡಿದು ಒಣಗಿ, ಮತ್ತೆ ಬೆವರಲ್ಲಿ ನೆನೆದು, ಹುರುಳಿಕಾಳಿನ ಹಾಗೆ ಕಲ್ಲಾಗಿತ್ತು. ನೀರಿನಲ್ಲಿ ತಿಕ್ಕಿದರೂ ಮೆತ್ತಗಾಗಲಿಲ್ಲ. ಮಗುವಿನ ತಲೆಯ ಮೇಲೆ ಆ ಗಂಟಿಗೆ ಕೂದಲಿರುತ್ತದೆ, ಸಡಿಲವಿರುತ್ತದೆ. ಬೂಟಿನೊಳಗೆ ಏನಿರುತ್ತದೆ.

ತಾತ ಜಗಲಿಯಲ್ಲಿ ಕೂತಿದ್ದರು. ಹೋಗಿ ಪಾದ ಎತ್ತಿ ನೋಡಿದೆ. ಎಡಗಾಲಿಗೆ ಏನೂ ಆಗಿರಲಿಲ್ಲ. ಬಲಗಾಲಿನ ಹೆಬ್ಬೆರಳ ತುದಿಯಲ್ಲಿ ಗುಂಡಗೆ ಒಂದು ಹುಣ್ಣು, ಸುತ್ತ ನೀಲಿಗಟ್ಟಿತ್ತು. ಒತ್ತಿದರೆ "ಏನಾಯ್ತು?" ಎಂದು ಕೇಳಿದರೇ ಹೊರತು ಕಾಲು ಎಳೆದುಕೊಳ್ಳಲಿಲ್ಲ. ಗಾಯ ಆಗಿದೆ, ಡಾಕ್ಟರ ಹತ್ತಿರ ಹೋಗೋಣ ಎಂದಷ್ಟೇ ಹೇಳಿದೆ. ಅವರು ಅಂಗಿ ಹಾಕಿಕೊಳ್ಳಲು ಒಳಗೆ ಹೋದಾಗ ನಾನು ಹಿತ್ತಲಿಗೆ ಹೋಗಿ, ಕತ್ತರಿಯಿಂದ ಆ ಚೀಲದ ತುದಿಯನ್ನು ಗಂಟಿನ ಸಮೇತ ಕತ್ತರಿಸಿ ನೀರೊಲೆಗೆ ಹಾಕಿದೆ. ಉಣ್ಣೆ ಸುಟ್ಟ ನಾತ ಬಂತು. ಉಳಿದ ಚೀಲವನ್ನು ರಾಗಿ ತುಂಬಿಟ್ಟ ಮಣ್ಣಿನ ವಾಡೆಯ ಹಿಂದೆ ತುರುಕಿದೆ. ಯಾಕೆ ಹಾಗೆ ಮಾಡಿದೆ ಎಂದು ಈಗಲೂ ನನಗೆ ಸರಿಯಾಗಿ ಹೇಳಲಾಗದು. ಯಾರೂ ನನ್ನನ್ನು ಹೊಡೆಯುವವರಿರಲಿಲ್ಲ.

ಹುಣ್ಣು ಮಾಯಲಿಲ್ಲ. ಹೆಬ್ಬೆರಳು ಕಪ್ಪಾಯಿತು. ದೊಡ್ಡಾಸ್ಪತ್ರೆಯಲ್ಲಿ ಅದನ್ನು ತೆಗೆದರು. ಮೇಲಕ್ಕೆ ಹಬ್ಬಿದೆಯೋ ಇಲ್ಲವೋ ಎಂದು ಒಂದೊಂದು ದಿನವೂ ಡ್ರೆಸಿಂಗ್ ಬಿಚ್ಚುವವರೆಗೆ ಕಾಯಬೇಕು. ಗಾಯ ಹೇಗಾಯಿತೆಂದು ಡಾಕ್ಟರು ಕೇಳಿದಾಗ ತಾತ, "ಬೂಟು ಸಾರ್, ಬೂಟು ಒತ್ತಿತು" ಎಂದರು. ನಾನು ಪಕ್ಕದಲ್ಲೇ ಟಿಫಿನ್ ಕ್ಯಾರಿಯರ್ ಹಿಡಿದು ನಿಂತಿದ್ದೆ. ಅತ್ತೆ ಊರಿಗೆಲ್ಲ, ಮಗನ ಮೇಲೆ ಯಾರದೋ ಕಣ್ಣು ಬಿದ್ದಿದೆ ಎಂದು ಹೇಳಿಕೊಂಡು ಬಂದರು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಎಲ್ಲರಿಗೂ ಅವರವರದೊಂದು ಕಾರಣವಿತ್ತು. ನನ್ನದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಾರ್ಖಾನೆಯ ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಮೂರು ತಿಂಗಳು ಬಿಟ್ಟು ನೋಡುತ್ತೇವೆ. ಪಾದ ಒಣಗಿ, ಹೊಸ ಗಾಯ ಏನೂ ಇಲ್ಲದಿದ್ದರೆ ಕೂತು ಮಾಡುವ ಕೆಲಸಕ್ಕೆ ಬರೆದುಕೊಡುತ್ತೇವೆ. ಇನ್ನೊಂದು ಗಾಯವಾದರೆ ಬೆರಳಿಗೆ ನಿಲ್ಲುವುದಿಲ್ಲ, ಮೊಣಕಾಲಿನ ಕೆಳಗೆ ತೆಗೆಯಬೇಕಾಗುತ್ತದೆ. ಆಮೇಲೆ ಕೆಲಸದ ಮಾತೇ ಇಲ್ಲ.

ಅಂಗಡಿಯಿಂದ ಹತ್ತಿಯದೊಂದು ಜೊತೆ ಹೇಗೋ ಹುಡುಕಿ ತಂದೆವು. ಬೆರಳಿಲ್ಲದ ಕಡೆ ಅದು ಖಾಲಿಯಾಗಿ ಮಡಿಚಿಕೊಂಡು ಅಡಿಗೆ ಸೇರುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಗಾಯದ ಪಕ್ಕ ಕೆಂಪಗೆ ಗೆರೆ ಮೂಡುತ್ತಿತ್ತು. ಒಂದು ಬೆಳಿಗ್ಗೆ ತಾತ ಆ ಗೆರೆಯನ್ನು ನೋಡುತ್ತಾ ಕೂತಿದ್ದು, "ನೀನೇ ಒಂದು ಜೊತೆ ಹೆಣಿ. ಈ ಕಾಲಿನ ಅಳತೆಗೆ" ಎಂದರು.

ನನ್ನ ಕೈಲಾಗಲ್ಲ ಎಂದೆ.

"ಹೋದ ಸಲ ಆಯ್ತಲ್ಲ."

ಕೆಲಸ ಇದೆ ಎಂದು ಎದ್ದುಹೋದೆ. ಎಮ್ಮೆಗಳಿಗೆ ಆಗಲೇ ನೀರು ಕುಡಿಸಿ ಆಗಿತ್ತು. ಹೋಗಿ ಮತ್ತೊಮ್ಮೆ ಕುಡಿಸಿದೆ. ಅವು ಮೂಸಿ ಮುಖ ತಿರುಗಿಸಿಕೊಂಡವು.

ಆ ಶನಿವಾರ ಅತ್ತೆಗೆ ನಾನೊಬ್ಬಳೇ ಬೆಣ್ಣೆಗೆ ಹೋಗಿಬರುತ್ತೇನೆ ಎಂದೆ. ವಾಡೆಯ ಹಿಂದಿನಿಂದ ಆ ಚೀಲ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬಸ್ಸು ಬರಲಿಲ್ಲ, ನಡೆದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಗೇಟಿನ ಹತ್ತಿರ ಬರುವಷ್ಟರಲ್ಲಿ ಅದೆಲ್ಲ ಮರೆತುಹೋಗಿತ್ತು.

ದೊರೆಸಾನಮ್ಮ ಅದೇ ಕುರ್ಚಿಯಲ್ಲಿದ್ದರು. ಹೆಜ್ಜೆ ಸಪ್ಪಳಕ್ಕೆ ಮುಖ ಎತ್ತಿ, ಯಾರು ಎಂದರು. ಹತ್ತಿರ ಹೋದ ಮೇಲೆ ತಿಳಿಯಿತು, ಅವರ ಕಣ್ಣುಗಳು ಪೊರೆ ಬೆಳೆದು ಬೆಳ್ಳಗಾಗಿದ್ದವು. ಬೆಣ್ಣೆಯವರ ಸೊಸೆ ಎಂದೆ. ಬೆಣ್ಣೆ ಹಿಂದುಗಡೆ ಕೊಡು ಎಂದರು. ನಾನು ಹೋಗಲಿಲ್ಲ. ಮೆಟ್ಟಿಲು ಹತ್ತಿ ಆ ಚೀಲವನ್ನು ಅವರ ಮಡಿಲಲ್ಲಿ ಇಟ್ಟೆ. ಅವರು ಅದರೊಳಗೆ ಕೈ ಹಾಕಿದರು. ಹಿಮ್ಮಡಿಯನ್ನು ಸವರಿದರು. ತುದಿಯ ತೂತಿನಿಂದ ನಾಲ್ಕೂ ಬೆರಳು ಹೊರಬಂದವು.

"ಇದೇನಿದು, ಇಲಿ ತಿಂತಾ?"

"ಇಲ್ಲ. ನಾನೇ ಕತ್ತರಿಸಿದೆ. ಗಂಟಿತ್ತು."

"ಕಾಲುಚೀಲದಲ್ಲಿ ಗಂಟಾ? ಯಾರ್ದು ಇದು?"

"ನಮ್ಮ ಮನೆಯವರದು. ಅವರಿಗೆ ಕಾಲಲ್ಲಿ ನೋವು ಗೊತ್ತಾಗಲ್ಲ. ನಾನು ಗಂಟು ಹಾಕಿದ್ದೆ. ಹೆಬ್ಬೆರಳು ತೆಗೆದುಬಿಟ್ಟರು."

ಇಷ್ಟು ಮಾತನ್ನು ನಾನು ಹೊರಗಿನವರ ಜೊತೆ ಒಂದೇ ಸಲಕ್ಕೆ ಆಡಿದ್ದು ಅದೇ ಮೊದಲು. ಅವರು ಅಯ್ಯೋ ಪಾಪ ಎನ್ನಲಿಲ್ಲ. ಚೀಲದ ತೂತಿನ ಸುತ್ತ ಬೆರಳಾಡಿಸಿದರು. ಆಮೇಲೆ, "ನೀನು ಆ ಮರದ ಕೆಳಗೆ ನಿಂತ್ಕೊಳ್ತಿದ್ದೆ. ನಂಗೆ ಮುಖ ಕಾಣಲ್ಲ, ಯಾರೋ ನಿಂತಿದ್ದು ಕಾಣ್ತದೆ. ಕೇಳಬೇಕಿತ್ತು" ಎಂದರು. ಪಕ್ಕದ ನೆಲ ತಟ್ಟಿ, "ಕೂತ್ಕೋ" ಎಂದರು.

ಅವರ ಕನ್ನಡ ಕೆಲಸದವರ ಜೊತೆ ಆಡಿ ಕಲಿತದ್ದು, ಎಲ್ಲರಿಗೂ ಏಕವಚನವೇ. ಹೆಣಿಗೆಯ ಮಾತುಗಳು ಅವರಿಗೆ ಇಂಗ್ಲಿಷಿನಲ್ಲಿ ಮಾತ್ರ ಬರುತ್ತಿದ್ದವು, ನನಗೆ ಆ ಇಂಗ್ಲಿಷು ಗೊತ್ತಿರಲಿಲ್ಲ. ಹಾಗಾಗಿ ನನ್ನ ಬೆರಳುಗಳನ್ನು ಹಿಡಿದುಕೊಂಡೇ ಕಲಿಸಿದರು. ತುದಿಯವರೆಗೆ ಕಡಿಮೆ ಮಾಡುತ್ತಾ ಹೋಗಬಾರದು. ಮೇಲೆ ಹತ್ತು, ಕೆಳಗೆ ಹತ್ತು ಕುಣಿಕೆ ಇರುವಾಗಲೇ ನಿಲ್ಲಿಸಿ, ಎರಡು ಕಡ್ಡಿಗಳನ್ನು ಅಕ್ಕಪಕ್ಕ ಹಿಡಿಯಬೇಕು. ದಾರವನ್ನು ದಬ್ಬಣಕ್ಕೆ ಪೋಣಿಸಿ ಮುಂದಿನ ಕಡ್ಡಿಯ ಒಂದು ಕುಣಿಕೆಯಲ್ಲಿ ತೂರಿಸಿ ಅದನ್ನು ಕಡ್ಡಿಯಿಂದ ಬಿಡಬೇಕು, ಎರಡನೆಯದರಲ್ಲಿ ತೂರಿಸಿ ಅದನ್ನು ಹಾಗೇ ಇರಿಸಬೇಕು. ಆಮೇಲೆ ಹಿಂದಿನ ಕಡ್ಡಿಯಲ್ಲೂ ಹಾಗೆಯೇ, ಆದರೆ ದಬ್ಬಣ ಹೋಗುವ ದಿಕ್ಕು ತಿರುಗುಮುರುಗು. ದಾರ ಎಳೆಯಲೂಬಾರದು, ಸಡಿಲ ಬಿಡಲೂಬಾರದು. ಪಕ್ಕದ ಸಾಲಿನ ಕುಣಿಕೆ ಎಷ್ಟಿದೆಯೋ ಅಷ್ಟೇ. ಹಾಗೆ ಮಾಡಿದರೆ ಅದು ಹೊಲಿಗೆ ಆಗುವುದಿಲ್ಲ, ಇನ್ನೊಂದು ಸಾಲು ಹೆಣಿಗೆ ಆಗುತ್ತದೆ.

ಕೇಳಲು ಸುಲಭ. ಕೈಗೆ ಬರಲು ನನಗೆ ನಾಲ್ಕು ಶನಿವಾರ ಹಿಡಿಯಿತು. ಬಿಡಬೇಕಾದ್ದನ್ನು ಇರಿಸುತ್ತಿದ್ದೆ, ಇರಿಸಬೇಕಾದ್ದನ್ನು ಬಿಡುತ್ತಿದ್ದೆ, ಹತ್ತು ಕುಣಿಕೆಯೂ ಜಾರಿ ಬಿಚ್ಚಿಕೊಳ್ಳುತ್ತಿತ್ತು. ಮನೆಯಲ್ಲಿ ಬಿಡು, ಇರು, ಬಿಡು, ಇರು ಎಂದು ನನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದೆ. ಅತ್ತೆ, "ಯಾರ್ನಮ್ಮಿ ಬಿಡೋದು, ಯಾರ್ನ ಇಕ್ಕೊಳೋದು" ಎಂದು ರೇಗಿಸುತ್ತಿದ್ದರು. ಬಂಗಲೆಯ ವರಾಂಡದಲ್ಲೂ ಕೊನೆಯ ಕುಣಿಕೆ ಮುಗಿದ ತಕ್ಷಣ ನನ್ನ ಕೈ ತಾನಾಗಿ ಗಂಟು ಹಾಕಲು ಹೋಗುತ್ತಿತ್ತು. ಇಷ್ಟು ವರ್ಷದ ಅಭ್ಯಾಸ. ದೊರೆಸಾನಮ್ಮ ನೋಡದೆಯೇ ಮಣಿಕಟ್ಟಿಗೆ ಫಟ್ಟೆಂದು ಏಟು ಕೊಡುತ್ತಿದ್ದರು. ನೀನು ಕಟ್ತಾ ಇರೋದು ಕರೂನಾ ಎಂದು ಒಂದು ಸಲ ಕೇಳಿದರು. ದಾರದ ತುದಿಯನ್ನು ಒಳಗಿನ ಸಾಲುಗಳಲ್ಲಿ ಹಿಂದೆ ಮುಂದೆ ಓಡಿಸಿ ಸುಮ್ಮನೆ ಬಿಟ್ಟುಬಿಡಬೇಕು. ಉಣ್ಣೆ ತಾನೇ ಹಿಡಿದುಕೊಳ್ಳುತ್ತದೆ. ಇದನ್ನು ನಂಬಲು ನನಗೆ ಎಲ್ಲಕ್ಕಿಂತ ಹೆಚ್ಚು ದಿನ ಬೇಕಾಯಿತು.

ನಾನು ಮುಗಿಸಿದ ತುದಿಯನ್ನು ಬೆಳಕಿಗೆ ಹಿಡಿದು ಪರೀಕ್ಷೆ ಮಾಡಲು ಹೋದರೆ ಅವರು ಬೇಡ ಎನ್ನುತ್ತಿದ್ದರು. "ಕಣ್ಣು ಸುಳ್ಳು ಹೇಳ್ತದೆ. ಒಳಗೆ ಕೈ ಹಾಕು."

ನಾಲ್ಕನೇ ಶನಿವಾರ ಅವರೇ ಕೈ ಹಾಕಿ ನೋಡಿ, ಬೆರಳಿಗೆ ಏನೂ ಸಿಗದೆ ಇನ್ನೊಮ್ಮೆ ನೋಡಿ, ಚೀಲವನ್ನು ನನ್ನ ಮಡಿಲಿಗೆ ಎಸೆದರು. ಹೊಗಳಲಿಲ್ಲ. ಬೆಣ್ಣೆ ಹಿಂದುಗಡೆ ಕೊಡು ಎಂದರು.

ಆಮೇಲೆ ಅಳತೆ. ತಾತನನ್ನು ಜಗಲಿಯಲ್ಲಿ ಬಿಸಿಲಿಗೆ ಕೂರಿಸಿ, ಹಳೇ ಪೇಪರಿನ ಮೇಲೆ ಪಾದ ಇರಿಸಿ ನಿಮ್ಮ ಅಪ್ಪನ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದೆ. ಎಡಗಾಲು ಸಲೀಸಾಗಿ ಆಯಿತು. ಬಲಗಾಲಿನಲ್ಲಿ ಗೆರೆ ಹಿಮ್ಮಡಿಯಿಂದ ನೆಟ್ಟಗೆ ಬಂದು, ಬೆರಳು ಇರಬೇಕಾದ ಕಡೆ ಒಳಕ್ಕೆ ಹರಿದುಹೋಯಿತು. ಆಸ್ಪತ್ರೆಯಲ್ಲೂ ಮನೆಯಲ್ಲೂ ಎಷ್ಟೋ ಸಲ ಡ್ರೆಸಿಂಗ್ ಬಿಚ್ಚಿ ಕಟ್ಟಿದ್ದೆ. ಆದರೆ ಆ ಜಾಗವನ್ನು ಸರಿಯಾಗಿ ನೋಡಿದ್ದು ಅವತ್ತೇ, ಪೇಪರಿನ ಮೇಲೆ. ತಾತ ರಸ್ತೆಯ ಕಡೆ ನೋಡುತ್ತಾ ಕೂತಿದ್ದರು.

ಬಲಗಾಲಿನ ಚೀಲಕ್ಕೆ ಹೆಬ್ಬೆರಳಿನ ಕಡೆ ಬೇಗ ಶುರುಮಾಡಿ, ಎರಡು ಪಟ್ಟು ಕುಣಿಕೆ ಕಡಿಮೆ ಮಾಡುತ್ತಾ ಬಂದೆ. ಕಿರುಬೆರಳಿನ ಕಡೆ ಎಂದಿನಂತೆ. ಕೊನೆಗೆ ಮೇಲೊಂದಿಷ್ಟು, ಕೆಳಗೊಂದಿಷ್ಟು ಸಮವಾಗಿ ಉಳಿಯುವಂತೆ ಲೆಕ್ಕ ಹಾಕಬೇಕು. ಎರಡು ಸಲ ಬಿಚ್ಚಿದೆ. ತುದಿ ಮುಚ್ಚುವ ದಿನ ಮಕ್ಕಳು ಶಾಲೆಗೆ ಹೋದ ಮೇಲೆ, ಅತ್ತೆ ಹೊಲಕ್ಕೆ ಹೋದ ಮೇಲೆ, ತಾತ ಜಗಲಿಯಲ್ಲಿರುವಾಗ, ಬಾಗಿಲು ಮುಂದೆ ಮಾಡಿಕೊಂಡು ಕೂತೆ. ಬಿಡು, ಇರು. ಮುಗಿಸಿ ಒಳಗೆ ಕೈ ಹಾಕಿದೆ. ಎಷ್ಟು ಸಲ ಹಾಕಿದೆನೋ.

ಮಾರನೆಯ ಬೆಳಿಗ್ಗೆ ತಾತನ ಕೈಗೆ ಕೊಟ್ಟೆ. ಅವರು ಹಾಕಿಕೊಳ್ಳುತ್ತಾರೆ ಅಂದುಕೊಂಡರೆ, ಹಾಕಿಕೊಳ್ಳಲಿಲ್ಲ. ಬಲಗಾಲಿನದನ್ನು ಎತ್ತಿಕೊಂಡು ಒಳಗೆ ಕೈ ತೂರಿಸಿ, ತುದಿಯಲ್ಲಿ ಬೆರಳಾಡಿಸಿದರು. ನಿಧಾನವಾಗಿ, ಮೆಷಿನ್ನಿನಿಂದ ಇಳಿಸಿದ ಸಾಮಾನಿನ ಅಂಚು ಸವರಿ ನೋಡುವ ಹಾಗೆ.

"ಗಂಟಿಲ್ಲ" ಎಂದರು.

ನಾನು ಕಂಬ ಹಿಡಿದುಕೊಂಡು ನಿಂತಿದ್ದೆ. "ನಿಮಗೆ ಗೊತ್ತಿತ್ತಾ?" ಎಂದೆ.

"ಬೂಟಿಗೆ ದಿನಾ ಕೈ ಹಾಕಿ ನೋಡ್ತಿದ್ದೆನಲ್ಲ. ಅದರಲ್ಲಿ ಏನೂ ಇರಲಿಲ್ಲ. ಹಿತ್ತಲಲ್ಲಿ ಉಣ್ಣೆ ಸುಟ್ಟ ವಾಸನೆಯೂ ಬಂತು."

"ಮತ್ತೆ ಡಾಕ್ಟರ ಹತ್ತಿರ ಬೂಟು ಅಂದಿರಿ."

"ಬೂಟು ಕಾರ್ಖಾನೇದು. ಕಾಲುಚೀಲ ನಮ್ಮನೇದು."

ಇಷ್ಟು ಹೇಳಿ ಚೀಲವನ್ನು ಹಾಕಿಕೊಂಡರು. ಅದು ಆ ಕಾಲಿಗೆ ಎಲ್ಲೂ ಮಡಿಚದೆ ಕೂತಿತು. ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಾಲ್ಕು ಸಲ ಓಡಾಡಿದರು. ನಾನು ಚೀಲ ಬಿಚ್ಚಿಸಿ ಪಾದ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಕೆಂಪು ಗೆರೆ ಮೂಡಿರಲಿಲ್ಲ. ಆ ವಿಷಯ ನಾವು ಮತ್ತೆಂದೂ ಮಾತಾಡಲಿಲ್ಲ. ಕುಲಾವಿ ಎಂಬ ಮಾತು ಮಾತ್ರ ಅವರ ಬಾಯಲ್ಲಿ ಮತ್ತೆ ಬರಲಿಲ್ಲ. ನಾನೂ ಯಾರ ಮಗುವಿಗೂ ಹೆಣೆದುಕೊಡಲಿಲ್ಲ. ನಿಮಗ್ಯಾರಿಗೂ ಅಜ್ಜಿ ಹೆಣೆದ ಕುಲಾವಿ ಯಾಕಿಲ್ಲ ಎಂದು ನಿಮ್ಮ ಅಮ್ಮ ಒಂದು ಸಲ ಬೇಸರ ಮಾಡಿಕೊಂಡಿದ್ದಳು. ಇದೇ ಕಾರಣ.

ಮೂರು ತಿಂಗಳು ಕಳೆದ ಮೇಲೆ ಡಾಕ್ಟರು ಪಾದವನ್ನು ತಿರುಗಿಸಿ ತಿರುಗಿಸಿ ನೋಡಿ, ಕೂತು ಮಾಡುವ ಕೆಲಸಕ್ಕೆ ಬರೆದುಕೊಟ್ಟರು. ತಾತ ಬೇರೆಯವರು ಕೆತ್ತಿದ ಸಾಮಾನಿನ ಅಳತೆ ನೋಡುವ ವಿಭಾಗಕ್ಕೆ ಹೋದರು. ಲೇತ್ ಬಿಟ್ಟದ್ದು ಅವರಿಗೆ ಬೇಸರವೇ. ಆದರೂ ಆರು ಗಂಟೆಯ ಬಸ್ಸು ತಪ್ಪಲಿಲ್ಲ. ಆಮೇಲಿನ ವರ್ಷಗಳಲ್ಲಿ ಅವರ ಮೂತ್ರಪಿಂಡ ಕೆಟ್ಟಿತು, ಕಣ್ಣು ಮಂಜಾಯಿತು, ಕೊನೆಗೆ ಅದೇ ಕಾಯಿಲೆ ಅವರನ್ನು ಕರೆದುಕೊಂಡು ಹೋಯಿತು. ಕಾಲು ಮಾತ್ರ ಹೋಗಲಿಲ್ಲ. ವರ್ಷಕ್ಕೆ ಎರಡು ಜೊತೆಯಂತೆ ಹೆಣೆದೆ, ದಿನಾ ಸಂಜೆ ಪಾದ ನೋಡಿದೆ. ಮೈ ಎಷ್ಟೇ ಸೋತಿರಲಿ, ಹಬ್ಬವಿರಲಿ, ಸಾವಿರಲಿ, ನೋಡಿದೆ. ಅವರೂ ಪ್ರತಿದಿನ ಬೆಳಿಗ್ಗೆ ಮೊದಲು ಬೂಟಿಗೆ, ಆಮೇಲೆ ಚೀಲಕ್ಕೆ ಕೈ ಹಾಕಿ ನೋಡುತ್ತಿದ್ದರು. ಅವರು ಕೈ ಹಾಕಿದಾಗೆಲ್ಲ ನಾನು ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ಇಷ್ಟು ವರ್ಷವಾದರೂ ನನ್ನ ಮೇಲೆ ನಂಬಿಕೆ ಬಂದಿಲ್ಲವೇ ಎಂದು ಒಂದೊಂದು ದಿನ ಸಿಟ್ಟೂ ಬರುತ್ತಿತ್ತು. ಒಂದು ದಿನವಾದರೂ ನೋಡದೆ ಹಾಕಿಕೊಂಡಿದ್ದರೆ ನಾನೇ ಕಿತ್ತುಕೊಂಡು ನೋಡುತ್ತಿದ್ದೆನೇನೋ.

ಟ್ರಂಕಿನಲ್ಲಿ ಸಿಕ್ಕಿದ್ದು ಕೊನೆಯ ಜೊತೆ. ಅದನ್ನು ಅವರು ಹಾಕಿಕೊಳ್ಳಲಿಲ್ಲ, ಹೆಣೆದು ಮುಗಿಸುವ ಹೊತ್ತಿಗೆ ಅವರಿರಲಿಲ್ಲ. ಬಲಗಾಲಿನದರ ತುದಿ ಆಗ ಬಾಕಿ ಇತ್ತು. ತಿಥಿಯೆಲ್ಲ ಕಳೆದು ನೆಂಟರು ಹೋದ ಮೇಲೆ 'ಬಿಡು, ಇರು' ಎಂದುಕೊಂಡು ಅದನ್ನೂ ಮುಚ್ಚಿದೆ. ಅರ್ಧ ಬಿಡಲು ಮನಸ್ಸಾಗಲಿಲ್ಲ.

ಮಗು, ಅದು ತಪ್ಪಾಗಿ ಹೆಣೆದದ್ದಲ್ಲ. ಅಳತೆಗೆ ಸರಿಯಾಗಿಯೇ ಇದೆ. ಬೇಕಾದರೆ ಒಳಗೆ ಕೈ ಹಾಕಿ ನೋಡು.